ಗಿಣಿಗೇರಾ ಸ್ಟೇಷನ್ನಿನಲ್ಲಿ ಏನಿದೆ ಅಂತ ಕೇಳಿದೆಯಲ್ಲ

ಪ್ರೀತಿಯ ಶರಣು,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅಲ್ಲೇ ಉತ್ತರ ಕೊಡಲು ಆಗಲಿಲ್ಲ, ಅದಕ್ಕೇ ಈ ಪತ್ರ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯವರು ಬೆಂಗಳೂರಿನಲ್ಲಿ ನಿನ್ನ ಹಾಗೇ ಬೇಕಾದಷ್ಟು ಜನ ಇದ್ದೀರಿ. ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ನಿನಗೆ ಗಿಣಿಗೇರಾ ಅಂದರೆ ಕೊಪ್ಪಳದ ಹೊರಗಿನ ಒಂದು ಸಣ್ಣ ಸ್ಟೇಷನ್. ಹೊಸಪೇಟೆ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಕಾರ್ಖಾನೆ ಚಿಮಣಿ ಕಂಡರೆ, ಇನ್ನೇನು ಕೊಪ್ಪಳ ಬಂತು ಅಂತ ಬ್ಯಾಗು ಕೆಳಗಿಳಿಸುವ ಜಾಗ. ಅಷ್ಟೇ ಅಲ್ವಾ? ಈಗ ಹಾಗಿಲ್ಲ ದೋಸ್ತ. ಹುಬ್ಬಳ್ಳಿ–ಗುಂತಕಲ್ ದಾರಿಯಿಂದ ನಿಮ್ಮ ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಹಳಿ ಕವಲೊಡೆಯುವುದು ಇಲ್ಲೇ. ಗಿಣಿಗೇರಾ ಈಗ ಜಂಕ್ಷನ್. ಅದನ್ನು ಜಂಕ್ಷನ್ ಹಾಗೆ ನಡೆಸಿಕೊಳ್ಳಬೇಕು, ನಾವೂ ಹಾಗೇ ಬಳಸಬೇಕು ಅನ್ನುವುದೇ ನನ್ನ ಮಾತು.

ಮೊದಲು ಈ ಹಳಿ ಹೇಗೆ ಬಂತು ಅಂತ ಹೇಳುತ್ತೇನೆ. 1876–78ರ ಬರ ಗೊತ್ತಲ್ಲ, ಹಿರಿಯರು ಧಾತು ಬರ ಅನ್ನುತ್ತಿದ್ದರು. ಆಗ ಮದ್ರಾಸ್ ಕಡೆಯಿಂದ ಬಳ್ಳಾರಿವರೆಗೆ ರೈಲು ಇತ್ತು, ಕಾಳು ಅಲ್ಲಿವರೆಗೆ ಬಂದು ಇಳಿಯುತ್ತಿತ್ತು. ಅಲ್ಲಿಂದ ಮುಂದೆ ಬಂಡಿಯೇ ಗತಿ. ಮೇವಿಲ್ಲದೆ ಎತ್ತುಗಳೇ ಸತ್ತ ಮೇಲೆ ಬಂಡಿ ಎಳೆಯುವವರು ಯಾರು? ಕಾಳು ಒಂದು ಕಡೆ, ಹಸಿದ ಜನ ಇನ್ನೊಂದು ಕಡೆ. ಆ ಪಾಠದ ಮೇಲೆ ಬರಪೀಡಿತ ಸೀಮೆಗೆ ರೈಲು ಹಾಕಲೆಂದು 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಸೊಲ್ಲಾಪುರದ ಹತ್ತಿರದ ಹೊಟಗಿಯಿಂದ ವಿಜಯಪುರ, ಬಾಗಲಕೋಟೆ ಮೇಲೆ ಗದಗಕ್ಕೆ ಒಂದು ದಾರಿ, ಗದಗದಿಂದ ಕೊಪ್ಪಳ, ಹೊಸಪೇಟೆ ಮೇಲೆ ಬಳ್ಳಾರಿಗೆ ಇನ್ನೊಂದು. ಎಲ್ಲಾ ಮೀಟರ್ ಗೇಜು, ಅಂದರೆ ಒಂದು ಮೀಟರ್ ಅಗಲದ ಸಣ್ಣ ಹಳಿ. ಗಿಣಿಗೇರಾ ಮುಂದಿನ ಹಳಿ ಹುಟ್ಟಿದ್ದು ಹೀಗೆ, ಅನ್ನದ ಹಾದಿಯಾಗಿ. ಈಗ ಅದರ ಮೇಲೆ ಹೆಚ್ಚಾಗಿ ಓಡುವುದು ಕಬ್ಬಿಣದ ಅದಿರು ಮತ್ತು ಕಲ್ಲಿದ್ದಲು.

ಇನ್ನೊಂದು ವಿಷಯ ನನಗೆ ಯಾವಾಗಲೂ ಸೋಜಿಗ. ಆಗಿನ ಕಾಲಕ್ಕೆ ಗದಗ ಮುಂಬಯಿ ಪ್ರಾಂತ್ಯದ್ದು, ಹೊಸಪೇಟೆ ಮದ್ರಾಸ್ ಪ್ರಾಂತ್ಯದ್ದು, ನಡುವಿನ ನಮ್ಮ ಕೊಪ್ಪಳ ನಿಜಾಮನ ರಾಜ್ಯದೊಳಗೆ ಸಾಲಾರ್ ಜಂಗ್ ಜಹಗೀರು. ಅಂದರೆ ಗದಗದಲ್ಲಿ ಹತ್ತಿ ಹೊಸಪೇಟೆಯಲ್ಲಿ ಇಳಿಯುವಷ್ಟರಲ್ಲಿ ಮೂರು ಸರ್ಕಾರ ದಾಟಿ ಬಂದಂತೆ. ಜನ ಮಾತ್ರ ಎಲ್ಲಾ ಕಡೆ ಕನ್ನಡದವರೇ. ಏಕೀಕರಣದ ಮಾತು ಬಂದಾಗ ನಾವು ಭಾಷಣ, ಚಳವಳಿ ಅಂತೆಲ್ಲ ನೆನೆಯುತ್ತೇವೆ. ಅದಕ್ಕೂ ಎಷ್ಟೋ ವರ್ಷ ಮೊದಲೇ ಬಡವರನ್ನು ಆ ಗಡಿಗಳಾಚೆ ಸಂತೆಗೆ, ಮದುವೆಗೆ, ಕೂಲಿಗೆ ಓಡಾಡಿಸಿದ್ದು ಇಂಥ ಪ್ಯಾಸೆಂಜರ್ ಗಾಡಿಗಳು.

ಕಂಪನಿಗಳ ಹೆಸರು ಬದಲಾದ ಕಥೆ ಉದ್ದ ಇದೆ, ಬೇಡ ಬಿಡು. 1908ರಲ್ಲಿ ಮದ್ರಾಸ್ ರೈಲ್ವೆ ಜೊತೆ ಸೇರಿಕೊಂಡಿತು, 1951ರಲ್ಲಿ ದಕ್ಷಿಣ ರೈಲ್ವೆ ಆಯಿತು, ಆಮೇಲೆ ದಕ್ಷಿಣ ಮಧ್ಯ, 2003ರಿಂದ ಹುಬ್ಬಳ್ಳಿ ಕೇಂದ್ರವಾಗಿ ನೈರುತ್ಯ ರೈಲ್ವೆ. ಮೀಟರ್ ಗೇಜು ಹೋಗಿ ದೊಡ್ಡ ಗೇಜು ಬಂದಿದ್ದು 1990ರ ದಶಕದಲ್ಲಿ. ಈಗ ಜೋಡಿ ಹಳಿ, ಮೇಲೆ ಕರೆಂಟಿನ ತಂತಿ.

ಈಗ ನಿಮ್ಮ ಕಡೆಯ ಹಳಿಗೆ ಬರುತ್ತೇನೆ. ಕೊಪ್ಪಳ ಮೊದಲು ರಾಯಚೂರು ಜಿಲ್ಲೆಯ ತಾಲ್ಲೂಕು, ನೆನಪಿದೆಯಲ್ಲ. ರಾಯಚೂರಿಗೆ ರೈಲು ಬಂದಿದ್ದು 1871ರಲ್ಲಿ. ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ (ಜಿಐಪಿ) ಕಂಪನಿಯ ಹಳಿ, ಮದ್ರಾಸಿನಿಂದ ಬಂದ ಹಳಿ ಎರಡೂ ಕೂಡಿದ್ದು ಅಲ್ಲೇ. ಅಷ್ಟು ದೊಡ್ಡ ಸ್ಟೇಷನ್ ನಮ್ಮದೇ ಜಿಲ್ಲಾ ಕೇಂದ್ರದಲ್ಲಿ ಇತ್ತು, ನಮ್ಮ ಊರಿನ ಮುಂದೆಯೂ ರೈಲು ಇತ್ತು, ಆದರೆ ಎರಡಕ್ಕೂ ನೇರ ಸಂಬಂಧ ಇರಲಿಲ್ಲ. ಕೊಪ್ಪಳದವನು ಜಿಲ್ಲಾ ಕಚೇರಿಗೆ ರೈಲಿನಲ್ಲೇ ಹೋಗುತ್ತೇನೆ ಅಂದರೆ ಹೊಸಪೇಟೆ, ಬಳ್ಳಾರಿ ದಾಟಿ ಗುಂತಕಲ್ಲಿಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ, ಆದೋನಿ, ಮಂತ್ರಾಲಯ ರೋಡ್ ಮೇಲೆ ಸುತ್ತಿಕೊಂಡು ರಾಯಚೂರು ಸೇರಬೇಕು. ತನ್ನ ಜಿಲ್ಲಾ ಕೇಂದ್ರಕ್ಕೆ ಆಂಧ್ರದ ಮೇಲೆ! ಹಾಗಾಗಿ ಎಲ್ಲರೂ ಬಸ್ಸಿಗೇ ಬಿದ್ದರು. ಗಂಗಾವತಿ, ಸಿಂಧನೂರು, ಮಾನ್ವಿಯಂಥ ಊರುಗಳು, ತುಂಗಭದ್ರಾ ಎಡದಂಡೆ ಕಾಲುವೆ ನೀರಲ್ಲಿ ಭತ್ತ ಬೆಳೆದು ಲಾರಿಗಟ್ಟಲೆ ಅಕ್ಕಿ ಹೊರಗೆ ಕಳಿಸುವ ಊರುಗಳು, ರೈಲಿನ ಶಿಳ್ಳೆ ಕೇಳದೆ ಶತಮಾನ ಕಳೆದವು.

ಗಿಣಿಗೇರಾದಿಂದ ನಿಮ್ಮ ಕಡೆ ಹೋಗುವ ಹಳಿ ಮುನಿರಾಬಾದ್–ಮೆಹಬೂಬ್‌ನಗರ ಯೋಜನೆಯದು, ಅದು ಮಂಜೂರಾಗಿದ್ದು 1997–98ರಲ್ಲಿ. ಕೊಪ್ಪಳ ಬೇರೆ ಜಿಲ್ಲೆ ಆಗಿದ್ದೂ 1997ರಲ್ಲೇ. ಜಿಲ್ಲೆ ಬೇಗ ನಿಂತಿತು, ಹಳಿ ನಿಲ್ಲಲಿಲ್ಲ. ಒಟ್ಟು 244 ಕಿಲೋಮೀಟರ್ ದಾರಿ. ಜಮೀನು, ದುಡ್ಡು ಎರಡೂ ಬೇಕು. ಅದರಲ್ಲೂ ನೀರಾವರಿ ಗದ್ದೆ ಅಂದರೆ ಯಾರು ಸುಮ್ನೆ ಬಿಟ್ಟುಕೊಡುತ್ತಾರೆ ಹೇಳು, ರೈತರದು ತಪ್ಪಲ್ಲ. 2019ರಲ್ಲಿ ಗಂಗಾವತಿಗೆ ಗಾಡಿ ಹೋಯಿತು. ಆಮೇಲೆ ಕಾರಟಗಿ. 2024ರ ಮಾರ್ಚಿನಲ್ಲಿ ಸಿಂಧನೂರು. ಆ ಕಡೆ ತೆಲಂಗಾಣದ ಭಾಗ ಮುಗಿದು 2023ರ ಅಕ್ಟೋಬರ್‌ನಲ್ಲಿ ರಾಯಚೂರಿನ ಹತ್ತಿರದ ಕೃಷ್ಣಾ ಸ್ಟೇಷನ್ನಿನವರೆಗೆ ಹಳಿ ಕೂಡಿತು, ಹೈದರಾಬಾದಿನ ಕಾಚಿಗುಡದಿಂದ ರಾಯಚೂರಿಗೆ ಆ ದಾರಿಯಲ್ಲಿ ರೈಲೂ ಶುರುವಾಯಿತು. ಇನ್ನು ಸಿಂಧನೂರಿನಿಂದ ರಾಯಚೂರಿಗೆ ಹಳಿ ಕೂಡಿದರೆ ಮುಗಿಯಿತು. ಆಗ ಗಿಣಿಗೇರಾದಲ್ಲಿ ಹತ್ತಿದವನು ಗುಂತಕಲ್ ಸುತ್ತದೆ ನೇರ ಹೈದರಾಬಾದಿನಲ್ಲಿ ಇಳಿಯಬಹುದು. ದೊಡ್ಡಾಸ್ಪತ್ರೆಗೆ ಅಂತ ಹೈದರಾಬಾದಿಗೆ ಹೋಗುವವರು ನಮ್ಮ ಕಡೆ ಎಷ್ಟು ಜನ ಇದ್ದಾರೆ ನಿನಗೇ ಗೊತ್ತು. ರೋಗಿಯನ್ನು ರಾತ್ರಿಯಿಡೀ ಬಸ್ಸಿನ ಸೀಟಿನಲ್ಲಿ ಕೂರಿಸಿ ಕರೆದೊಯ್ಯುವುದಕ್ಕೂ ಬರ್ತಿನಲ್ಲಿ ಮಲಗಿಸಿ ಕರೆದೊಯ್ಯುವುದಕ್ಕೂ ಎಷ್ಟು ವ್ಯತ್ಯಾಸ!

ಈಗ ಇರುವ ಗಾಡಿಗಳ ವಿಷಯ. ನಿನಗೆ ಬೇಕಾದ್ದು ಮುಖ್ಯವಾಗಿ ಎರಡು. ಒಂದು ಹುಬ್ಬಳ್ಳಿ–ಸಿಂಧನೂರು ಪ್ಯಾಸೆಂಜರ್. ಇನ್ನೊಂದು ಯಶವಂತಪುರದ ರಾತ್ರಿ ಗಾಡಿ, ಮೊದಲು ಹೊಸಪೇಟೆಗೇ ಮುಗಿಯುತ್ತಿತ್ತು, ಈಗ ಸಿಂಧನೂರಿನವರೆಗೂ ಬರುತ್ತದೆ. ಟೈಮ್ ಆಗಾಗ ಬದಲಾಗುತ್ತದೆ, ಹೊರಡುವ ದಿನ ಆ್ಯಪಿನಲ್ಲಿ ಒಮ್ಮೆ ನೋಡಿಕೋ. ಅಂಜನಾದ್ರಿಗೆ ಬರುವವರಿಗೂ ಇದೇ ಹೇಳು, ಗಂಗಾವತಿಯಲ್ಲಿ ಇಳಿದರೆ ಆನೆಗೊಂದಿ ಹತ್ತಿರ.

ಪ್ಯಾಸೆಂಜರ್ ಬರುವ ಹೊತ್ತಿಗೆ ಗಿಣಿಗೇರಾ ಪ್ಲಾಟ್‌ಫಾರ್ಮ್ ನೋಡಬೇಕು ನೀನು. ಕಾಲೇಜು ಹುಡುಗಿಯರು ಕಲ್ಲುಬೆಂಚನ್ನು ಮೊದಲು ನೋಟ್‌ಬುಕ್ಕಿನ ಹಾಳೆಯಿಂದ ಒರೆಸಿ ಆಮೇಲೆ ಕೂರುತ್ತಾರೆ. ಒರೆಸಿದ ಹಾಳೆ ಒಂದು ಬದಿ ಕೆಂಪು, ತಿರುಗಿಸಿ ಒರೆಸಿದರೆ ಇನ್ನೊಂದು ಬದಿ ಕಪ್ಪು. ಅದಿರಿನ ದೂಳು, ಕಲ್ಲಿದ್ದಲ ಮಸಿ ಎರಡೂ. ಯಾರೋ ಅಜ್ಜಿ ಮಂಡಾಳ ಒಗ್ಗರಣಿ, ಮಿರ್ಚಿ ಕಟ್ಟಿಸಿಕೊಂಡು ಬಂದು ಮೊಮ್ಮಗನಿಗೆ ತಿನ್ನಿಸುತ್ತಿರುತ್ತಾಳೆ. ಅಷ್ಟರಲ್ಲಿ ಮರ್ಮಗೋವಾ ಬಂದರಿನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ಹೊತ್ತ ಗೂಡ್ಸು ಬಂದರೆ, ಅದರ ಡಬ್ಬಿಗಳೆಲ್ಲ ದಾಟುವವರೆಗೆ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಅಜ್ಜಿ ಸೆರಗಿನಿಂದ ಒಗ್ಗರಣಿ ಪೊಟ್ಟಣ ಮುಚ್ಚಿಕೊಂಡು ಕೂರುತ್ತಾಳೆ.

ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಪಕ್ಕದ ಮುನಿರಾಬಾದ್ ಸ್ಟೇಷನ್, ಸ್ಟೇಷನ್ನುಗಳನ್ನು ಹೊಸದು ಮಾಡುವ ಅಮೃತ ಭಾರತ್ ಯೋಜನೆಯಲ್ಲಿ ಹೊಸದಾಗಿ 2025ರ ಮೇ ತಿಂಗಳಲ್ಲಿ ಉದ್ಘಾಟನೆ ಆಯಿತು. ಕೊಪ್ಪಳವೂ ಆ ಪಟ್ಟಿಯಲ್ಲಿದೆ. ಒಳ್ಳೆಯದೇ, ಆಗಲಿ. ಆದರೆ ಎರಡು ಹಳಿ ಕೂಡುವ, ಜನ ಗಾಡಿ ಬದಲಿಸಲೇಬೇಕಾದ ಸ್ಟೇಷನ್ ಗಿಣಿಗೇರಾ ತಾನೇ? ಹೆಚ್ಚು ಹೊತ್ತು ಕಾಯುವುದು ಇಲ್ಲಿಯ ಜನ. ನೆರಳು, ಕುಡಿಯುವ ನೀರು, ಹೆಣ್ಣುಮಕ್ಕಳು ಹೋಗುವಂಥ ಶೌಚಾಲಯ ಎಲ್ಲಕ್ಕಿಂತ ಮೊದಲು ಜಂಕ್ಷನ್ನಿಗೆ ಬೇಕು. ಅಮೃತಶಿಲೆ, ಎಲ್ಇಡಿ ಬೋರ್ಡು ನಿಧಾನಕ್ಕೆ ಬಂದರೂ ನಡೆಯುತ್ತದೆ.

ಅದಕ್ಕಿಂತ ದೊಡ್ಡದು ಟೈಮಿಂಗ್. ಹೊಸಪೇಟೆ ಕಡೆಯ ಗಾಡಿ ಬಂದ ಅರ್ಧ ಗಂಟೆಯೊಳಗೆ ಗಂಗಾವತಿ ಕಡೆಗೆ ಒಂದು ಗಾಡಿ ಇರಬೇಕು, ಆ ಕಡೆಯಿಂದ ಬಂದವರಿಗೆ ಈ ಕಡೆಗೂ ಹಾಗೇ. ಹೊಸಪೇಟೆ–ಸಿಂಧನೂರು ನಡುವೆ ನಾಲ್ಕು ಡಬ್ಬಿಯ ಸಣ್ಣ ಷಟಲ್ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಓಡಲಿ. ಓದುವ ಮಕ್ಕಳು, ಕಾರ್ಖಾನೆ ಶಿಫ್ಟಿನವರು, ತರಕಾರಿ ಮಾರುವ ಹೆಂಗಸರು ಪಾಸು ಮಾಡಿಸಿಕೊಂಡು ಓಡಾಡುತ್ತಾರೆ. ಹಳಿ ಹಾಕಲು ಕಾಲು ಶತಮಾನ ತಗೊಂಡು, ಆ ಹಳಿ ದಿನದ ಬಹಳ ಹೊತ್ತು ಖಾಲಿ ಮಲಗಿದರೆ ಹೇಗೆ? ಅಧಿಕಾರಿಗಳನ್ನು ಕೇಳಿದರೆ ಜನ ಹತ್ತುವುದಿಲ್ಲ ಅನ್ನುತ್ತಾರೆ, ಜನರನ್ನು ಕೇಳಿದರೆ ಗಾಡಿ ಇಲ್ಲ ಅನ್ನುತ್ತಾರೆ. ಮೊದಲು ಗಾಡಿ ಬರಬೇಕು ಅನ್ನುವವನು ನಾನು. ಬಸ್ಸಿಗೆ ಒಗ್ಗಿಹೋದ ಊರು ಒಂದು ಗಾಡಿ ನೋಡಿ ಅಭ್ಯಾಸ ಬದಲಿಸುವುದಿಲ್ಲ, ದಿನಕ್ಕೆ ನಾಲ್ಕು ಸಲ ಬಂದರೆ ಬದಲಿಸುತ್ತದೆ.

ಆದರೂ ನಮ್ಮ ಪಾಲಿನದು ನಾವು ಮಾಡಬೇಕು. ಟಿಕೆಟ್ ಮಾರಾಟದ ಲೆಕ್ಕ ಒಂದನ್ನೇ ಅವರು ನೋಡುವುದು. ನೀನು ಬಸ್ಸಿನಲ್ಲಿ ಬಂದರೆ ಆ ಲೆಕ್ಕದಲ್ಲಿ ನೀನು ಇಲ್ಲವೇ ಇಲ್ಲ. ಕಾರಟಗಿಯವರೆಗೂ ಟಿಕೆಟ್ ತಗೋ, ಹೊಸಪೇಟೆಗೆ ತಗೊಂಡು ಇಳಿದುಬಿಡಬೇಡ. ನಿಮ್ಮ ರೂಮಿನ ಹುಡುಗರಿಗೂ ಹೇಳು. ಸಿಂಧನೂರು–ರಾಯಚೂರು ಕೆಲಸ ಬೇಗ ಮುಗಿಸಿ ಅಂತ, ಷಟಲ್ ಬಿಡಿ ಅಂತ ನಾವು ಇಲ್ಲಿ ಒಂದು ಮನವಿ ಬರೆಯುತ್ತಿದ್ದೇವೆ, ಹುಬ್ಬಳ್ಳಿ ಡಿವಿಜನ್ನಿಗೂ ಎಂಪಿಗೂ ಕೊಡಲು. ಬೆಂಗಳೂರಿನಲ್ಲಿರುವ ನಿಮ್ಮಂಥವರ ಸಹಿ ಜಾಸ್ತಿ ಬೇಕು, ಹಬ್ಬಕ್ಕೆ ರೈಲು ತುಂಬಿಸುವವರು ನೀವೇ ಅಲ್ವಾ. ಹೆಸರು, ಊರು, ವರ್ಷಕ್ಕೆ ಎಷ್ಟು ಸಲ ಬರುತ್ತೀರಿ, ಇಷ್ಟು ಬರೆದು ಕಳಿಸಿದರೆ ಸಾಕು. ಗವಿಮಠದ ಜಾತ್ರೆಗೆ ಮೊದಲು ಕೊಡಬೇಕು ಅಂತಿದ್ದೇವೆ, ತಡ ಮಾಡಬೇಡ.

ನಿನ್ನ ದೋಸ್ತ