ಸ್ಕ್ಯಾನ್ ಆಮೇಲೆ, ಮೊದಲು ಪಟ್ಟಿ ಕೊಡಿ

ಸಂಪಾದಕರೇ,

ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನಲ್ಲಿರುವ ಹಳೇ ದಾಖಲೆಗಳನ್ನು ಭೂ ಸುರಕ್ಷಾ ಯೋಜನೆಯಡಿ ಸ್ಕ್ಯಾನ್ ಮಾಡುತ್ತಿರುವ ಸುದ್ದಿ ಆಗಾಗ ಓದುತ್ತಿದ್ದೇನೆ. ಒಳ್ಳೇ ಕೆಲಸ. ಆದರೆ ಹಳೇ ಸರ್ಕಾರಿ ಕಡತಗಳನ್ನು ಕಾಪಾಡಿ ಇಡುವ ನಮ್ಮ ರಾಜ್ಯ ಪತ್ರಾಗಾರದ ಬಗ್ಗೆ ಇಷ್ಟು ಮಾತು ಯಾಕೆ ಕೇಳಿಬರುವುದಿಲ್ಲ? 1973ರಲ್ಲಿ ಶುರುವಾದ ಇಲಾಖೆ ಅದು. ಮೈಸೂರು, ಧಾರವಾಡ, ಕಲಬುರಗಿಗಳಲ್ಲೂ ಕಚೇರಿ ಇದೆ. ಗೊತ್ತಿರುವವರೂ ಅದು ಪಿಎಚ್.ಡಿ. ಮಾಡುವವರ ಜಾಗ, ನಮಗೇನು ಕೆಲಸ ಅಂದುಕೊಂಡು ಸುಮ್ನೆ ಇರುತ್ತಾರೆ.

ಹಾಗೇನಿಲ್ಲ. ಅಲ್ಲಿರುವುದು ಬರೀ ಮಹಾರಾಜರ ದರ್ಬಾರಿನ ಕತೆಯಲ್ಲ, ಹಳೇ ಮೈಸೂರು ಸರ್ಕಾರ ದಿನಾ ನಡೆಸುತ್ತಿದ್ದ ಆಡಳಿತದ ಕಾಗದ. ಕೆರೆ, ಶಾಲೆ, ರಸ್ತೆ, ಕುಡಿಯುವ ನೀರು, ಹೊಸ ಬಡಾವಣೆ, ಎಲ್ಲದಕ್ಕೂ ಯಾರೋ ಅರ್ಜಿ ಕೊಟ್ಟಿರುತ್ತಾರೆ, ಯಾರೋ ಅದರ ಮೇಲೆ ಷರಾ ಬರೆದಿರುತ್ತಾರೆ. 1898ರ ಪ್ಲೇಗ್ ಬೆಂಗಳೂರಿನ ಹಳೇ ಪೇಟೆಯನ್ನು ಅಲ್ಲಾಡಿಸಿದ ಮೇಲೆ ಬಸವನಗುಡಿ, ಮಲ್ಲೇಶ್ವರ ಹೇಗೆ ಬೆಳೆದವು ಅಂತ ತಿಳಿಯಬೇಕಾದರೆ ಇಂಥ ಫೈಲುಗಳನ್ನೇ ನೋಡಬೇಕು, ವಾಟ್ಸಾಪ್‌ನಲ್ಲಿ ಓಡಾಡುವ ಹಳೇ ಫೋಟೊಗಳನ್ನಲ್ಲ.

ಕಷ್ಟ ಇರುವುದು ಹುಡುಕುವುದರಲ್ಲಿ. ಪತ್ರಾಗಾರದಲ್ಲಿ ಕಾಗದ ಜೋಡಿಸುವುದು ವಿಷಯ ನೋಡಿ ಅಲ್ಲ. ಯಾವ ಇಲಾಖೆಯಲ್ಲಿ, ಯಾವ ವರ್ಷ, ಯಾವ ನಂಬರಿನಲ್ಲಿ ಹುಟ್ಟಿತೋ ಅದೇ ಕ್ರಮದಲ್ಲಿ ಇಡುತ್ತಾರೆ. ಅದು ಸರಿಯಾದ ಪದ್ಧತಿಯೇ, ಬದಲಾಯಿಸಿ ಅನ್ನುತ್ತಿಲ್ಲ. ಆದರೆ ಈಗ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರುವ ಕಡೆ ಇದ್ದ ಧರ್ಮಾಂಬುಧಿ ಕೆರೆಯ ಕಾಗದ ಬೇಕು ಅಂತ ಹೊರಟವರು ಕಂದಾಯದಲ್ಲಿ ಹುಡುಕಬೇಕೋ, ಲೋಕೋಪಯೋಗಿಯಲ್ಲೋ, ಮುನಿಸಿಪಾಲಿಟಿಯಲ್ಲೋ? ಹಲಸೂರಿನವರ ಪಾಡು ಇನ್ನೂ ಜಾಸ್ತಿ, ಯಾಕೆಂದರೆ ಹಲಸೂರು ಸೇರಿದ್ದ ಕಂಟೋನ್ಮೆಂಟ್ 1947ರ ವರೆಗೂ ಬ್ರಿಟಿಷರ ಕೈಯಲ್ಲೇ ಇತ್ತು. ರೆಸಿಡೆನ್ಸಿಯ, ಅಂದರೆ ಇಲ್ಲಿದ್ದ ಬ್ರಿಟಿಷ್ ಪ್ರತಿನಿಧಿಯ ಕಚೇರಿಯ, ಕಾಗದಪತ್ರ ನೋಡಬೇಕು ಅಂದರೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದ ತನಕ ಕಣ್ಣು ಹಾಯಿಸಬೇಕು.

ಅದಕ್ಕೇ ನಾನು ಹೇಳುವುದು ಇಷ್ಟು: ಸ್ಕ್ಯಾನ್‌ಗಿಂತ ಮೊದಲು ಪಟ್ಟಿ. ಹಳೇ ಫೈಲೊಂದನ್ನು ಬಿಚ್ಚಿ ನೋಡಿದವರಿಗೆ ಗೊತ್ತು. ದಾರ ಸಡಿಲಿಸಿದರೆ ಅಂಚು ಪುಡಿಪುಡಿ, ಗುಂಡುಪಿನ್ ಇದ್ದಲ್ಲಿ ತುಕ್ಕಿನ ಕಂದು ಕಲೆ, ಕಾಗದದ ಆ ಕಡೆಯ ಶಾಯಿ ಈ ಕಡೆ ಮೂಡಿರುತ್ತದೆ. ಒಂದೇ ಫೈಲಿನಲ್ಲಿ ಟೈಪ್ ಮಾಡಿದ ಇಂಗ್ಲಿಷ್ ಪತ್ರ, ಅದರ ಕೆಳಗೆ ಊರಿನವರು ಕನ್ನಡದಲ್ಲಿ ಬರೆದು ಸಾಲಾಗಿ ರುಜು ಹಾಕಿದ ಅರ್ಜಿ. ಇಂಥದ್ದನ್ನು ಸುಮ್ನೆ ಫೋಟೊ ತೆಗೆದು ನಂಬರ್ ಕೊಟ್ಟು ಕಂಪ್ಯೂಟರಿಗೆ ಹಾಕಿದರೆ ಕಪಾಟಿನ ಕತ್ತಲು ಕಂಪ್ಯೂಟರಿನ ಕತ್ತಲಾಗುತ್ತದೆ ಅಷ್ಟೆ. ಯಾವ ಊರು, ಯಾವ ವರ್ಷ, ಏನು ವಿಷಯ ಅಂತ ಒಂದೊಂದು ಸಾಲು ಬರೆದಿಟ್ಟರೆ ಮಾತ್ರ ಅದು ಜನರ ಕೈಗೆ ಸಿಗುತ್ತದೆ. ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ಜಾಲತಾಣದಲ್ಲಿ ಹೀಗೆ ಪದ ಹಾಕಿ ಹುಡುಕಬಹುದು, ಎಷ್ಟೋ ಕಡತಗಳನ್ನು ಮನೆಯಲ್ಲೇ ಕೂತು ಓದಬಹುದು. ನಮ್ಮ ಕಡತಗಳೂ ಹಾಗೇ ಸಿಗಲಿ. ಊರಿನ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿದರೂ ಬರಬೇಕು, ಅಲ್ವಾ?

ಇನ್ನೊಂದು ಆತುರದ ವಿಷಯ ಇದೆ. ಉತ್ತರ ಕರ್ನಾಟಕದ ಪೇಶ್ವೆ ಕಾಲದ ಕಾಗದ ಮೋಡಿ ಲಿಪಿಯಲ್ಲಿ (ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿ), ನಿಜಾಮರ ಕಡೆಯದ್ದು ಫಾರ್ಸಿ, ಉರ್ದುವಿನಲ್ಲಿ. ಮೋಡಿ ಸರಾಗವಾಗಿ ಓದುವವರು ಈಗ ಅಪರೂಪ. ಸ್ಕ್ಯಾನರ್ ಮುಂದಿನ ವರ್ಷವೂ ಕೊಳ್ಳಬಹುದು, ಓದಬಲ್ಲ ಹಿರಿಯರು ಅಲ್ಲಿಯ ತನಕ ಕಾಯಬೇಕಲ್ಲ. ವಿಶ್ವವಿದ್ಯಾಲಯಗಳ ಹುಡುಗರನ್ನು ಅವರ ಪಕ್ಕ ಕೂರಿಸಿ, ಸಂಬಳ ಕೊಟ್ಟು ಪಟ್ಟಿ ಬರೆಸಿ. ಬಿಟ್ಟಿ ಸೇವೆ ಅಂತ ಮಾಡಿದರೆ ಎರಡು ತಿಂಗಳಿಗೆ ನಿಂತುಹೋಗುತ್ತದೆ.

ಹಾಗೇ ಯಾವ ಕಾಗದ ಎಲ್ಲಿ ಸಿಗುತ್ತದೆ ಅಂತ ಪತ್ರಾಗಾರದ ಬಾಗಿಲಲ್ಲೇ ಒಂದು ಬೋರ್ಡ್ ಹಾಕಲಿ. ತಾತನ ಪಹಣಿಗೆ ತಾಲ್ಲೂಕು ಕಚೇರಿ, ಕ್ರಯಪತ್ರಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿ, ಹಳೇ ಸರ್ಕಾರಿ ಕಡತಕ್ಕೆ ಇಲ್ಲಿ ಅಂತ. ಎಷ್ಟೋ ಜನರ ಅರ್ಧ ದಿನ ಉಳಿಯುತ್ತದೆ.

ರಾಜ್ಯಕ್ಕೆ 2010ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ, ಇಲಾಖೆ ಇದೆ. ಎಲ್ಲಾ ಒಟ್ಟಿಗೆ ಆಗಬೇಕು ಅಂತಲ್ಲ. ಬೆಂಗಳೂರಿನ ಕೆರೆಗಳಿಗೆ ಸಂಬಂಧಪಟ್ಟ ಫೈಲುಗಳ ಪಟ್ಟಿಯೊಂದನ್ನೇ ಈ ವರ್ಷ ಪೂರ್ತಿಯಾಗಿ ಆನ್‌ಲೈನ್‌ಗೆ ಹಾಕಲಿ. ಅದನ್ನು ಕೇಳುವವರು ಈಗಾಗಲೇ ಪ್ರತಿ ವಾರ್ಡಿನಲ್ಲೂ ಇದ್ದಾರೆ.

ಇತಿ,
ನಿಮ್ಮ ಓದುಗ
ಬಸವನಗುಡಿ, ಬೆಂಗಳೂರು