ನಾನೂ ಮನೆ ಓನರ್ರೇ

ಸಂಪಾದಕರಿಗೆ ನಮಸ್ಕಾರ.

ಅಡ್ವಾನ್ಸ್ ವಾಪಸ್ ಕೊಡದೆ ಸತಾಯಿಸುವ ಮನೆ ಓನರ್‌ಗಳ ಬಗ್ಗೆ ಓದುಗರೊಬ್ಬರು ಬರೆದ ಪತ್ರ ಓದಿದೆ. ನಾನೂ ಓನರ್ರೇ. ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಮಹಡಿ ಮನೆಯನ್ನು ಹದಿನಾಲ್ಕು ವರ್ಷದಿಂದ ಓದುವ ಹುಡುಗರಿಗೆ ಬಾಡಿಗೆಗೆ ಕೊಡುತ್ತಿದ್ದೇನೆ. ಹತ್ತು ತಿಂಗಳ ಅಡ್ವಾನ್ಸ್. ಬಿಟ್ಟು ಹೋಗುವಾಗ ಪೇಂಟಿಂಗಿಗೆ ಅಂತ ಒಂದು ತಿಂಗಳದ್ದು ಮುರಿದುಕೊಳ್ಳುವುದು. ಎಲ್ಲರೂ ಮಾಡುವುದು ಇದನ್ನೇ ಅಲ್ವಾ? ಹೋದ ವರ್ಷವಾಗಿದ್ದರೆ ಆ ಪತ್ರಕ್ಕೆ ಖಾರವಾಗಿ ಉತ್ತರ ಬರೆಯುತ್ತಿದ್ದೆ.

ಈ ಬೇಸಿಗೆಯಲ್ಲಿ ಒಂದು ತಿಂಗಳು ಮಗಳ ಜೊತೆ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಇದ್ದು ಬಂದೆ. ಕನ್ನಡ ಮೇಷ್ಟ್ರಾಗಿದ್ದ ನಮ್ಮೆಜಮಾನರಿಗೆ ಆ ಊರಿನ ಹೆಸರು ಮೊದಲೇ ಗೊತ್ತಿತ್ತು. ನಿಘಂಟಿನ ಕಿಟ್ಟೆಲ್ 1903ರಲ್ಲಿ ತೀರಿಕೊಂಡಿದ್ದು ಅಲ್ಲೇ. ನೆಕ್ಕರ್ ನದಿ ದಂಡೆಯ ಸಣ್ಣ ಊರು. ಸುಮಾರು 90 ಸಾವಿರ ಜನ, 27 ಸಾವಿರಕ್ಕೂ ಜಾಸ್ತಿ ವಿದ್ಯಾರ್ಥಿಗಳು. ವಿಶ್ವವಿದ್ಯಾಲಯ 1477ರದ್ದು. ಸಂಜೆ ಸೇತುವೆ ಮೇಲೆ ನಿಂತರೆ ಕೆಳಗೆ ಉದ್ದ ಗಳ ಊರಿಕೊಂಡು ದೋಣಿ ನಡೆಸುವ ಹುಡುಗರು. ನೋಡಲು ಚೆಂದ. ಆದರೆ ಆ ಊರಿನಲ್ಲಿ ಕೋಣೆ ಸಿಗುವುದು ಮಾತ್ರ ದೇವರಿಗೇ ಪ್ರೀತಿ.

ಮಗಳು ಹನ್ನೊಂದು ಮನೆ ಹತ್ತಿ ಇಳಿದಿದ್ದಳಂತೆ. ಅಲ್ಲಿ ನಾಲ್ಕೈದು ಜನ ಸೇರಿ ಒಂದು ಮನೆ ಹಿಡಿಯುತ್ತಾರೆ. ಒಂದು ಕೋಣೆ ಖಾಲಿಯಾದರೆ ಉಳಿದವರೇ ಹೊಸಬರನ್ನು ಕರೆದು ಕೂರಿಸಿ ಕೇಳುತ್ತಾರೆ. ಥೇಟ್ ಹೆಣ್ಣು ನೋಡುವ ಶಾಸ್ತ್ರ. ಹಾಡು ಬರುತ್ತಾ ಅಂತ ಕೇಳುವುದಿಲ್ಲ, ಅಷ್ಟೆ. ಪಾತ್ರೆ ಆಗಿಂದಾಗ ತೊಳೆಯುತ್ತೀಯಾ, ರಾತ್ರಿ ಫೋನಿನಲ್ಲಿ ಜೋರಾಗಿ ಮಾತಾಡುತ್ತೀಯಾ ಅಂತ. ಕೊನೆಗೆ ಸಿಕ್ಕಿದ್ದು ನಮ್ಮ ಸ್ಟೋರ್ ರೂಮಿಗಿಂತ ತುಸು ದೊಡ್ಡದು, ತಿಂಗಳಿಗೆ 470 ಯೂರೊ. ನಾನು ಹೋದ ಮೊದಲ ದಿನವೇ ಸಾರಿಗೆ ಒಗ್ಗರಣೆ ಹಾಕಿದೆ, ಹೊಗೆ ಅಲಾರಂ ಬಡಿದುಕೊಂಡಿತು. ಆಮೇಲಿನ ಒಗ್ಗರಣೆಗಳೆಲ್ಲ ಕಿಟಕಿ ಪೂರ್ತಿ ತೆಗೆದು, ಚಳಿಯಲ್ಲಿ. ಮೆಟ್ಟಿಲು ಗುಡಿಸುವ ಪಾಳಿಯ ವಾರ ಬಂದರೆ ಬಾಗಿಲಿಗೆ ಒಂದು ಪುಟ್ಟ ಬೋರ್ಡು ನೇತಾಡುತ್ತದೆ. ಆ ವಾರ ನಾನೇ ಗುಡಿಸಿದೆ. ರಂಗೋಲಿ ಪುಡಿ ಇರಲಿಲ್ಲ, ಇದ್ದಿದ್ದರೆ ಅದೂ ಆಗುತ್ತಿತ್ತು.

ಅಡ್ವಾನ್ಸ್ ಎಷ್ಟು ಕೊಟ್ಟೆ ಅಂತ ಕೇಳಿದೆ. ಮೂರು ತಿಂಗಳ ಬಾಡಿಗೆ, ಅದೂ ಹೀಟಿಂಗ್ ಗೀಟಿಂಗ್ ಸೇರಿಸದೆ. ಅದಕ್ಕಿಂತ ಜಾಸ್ತಿ ಕೇಳುವಂತೆಯೇ ಇಲ್ಲ, ಕಾನೂನು. ಅದನ್ನೂ ಮೂರು ಕಂತಿನಲ್ಲಿ ಕಟ್ಟಬಹುದು. ನಾನು ಸುಮ್ಮನಾದೆ.

ಆಮೇಲೆ ಅವಳು ಫೈಲಿನಿಂದ ಎರಡು ಹಾಳೆ ತೆಗೆದಳು. ಬೀಗದ ಕೈ ಕೊಟ್ಟ ದಿನ ಓನರ್ ಮತ್ತು ಇವಳು ಜೊತೆಗೆ ಕೋಣೆ ಕೋಣೆ ಸುತ್ತಿ ಬರೆದಿದ್ದು. ಕಿಟಕಿಯ ಎಡ ಚೌಕಟ್ಟಿನಲ್ಲಿ ಗೀರು, ನಾಲ್ಕು ಸೆಂಟಿಮೀಟರ್. ಗೋಡೆಯಲ್ಲಿ ಮೊಳೆ ತೂತು, ಆರು. ಸಿಂಕಿನ ಅಂಚು ಚಕ್ಕೆ ಎದ್ದಿದೆ. ಬೀಗದ ಕೈ ಮೂರು. ಮೀಟರ್ ರೀಡಿಂಗ್ ಇಷ್ಟು. ಕೆಳಗೆ ಇಬ್ಬರ ಸಹಿ. ಬಿಡುವ ದಿನ ಅದೇ ಹಾಳೆ ಹಿಡಿದು ಮತ್ತೆ ಸುತ್ತುತ್ತಾರಂತೆ. ಏಳನೇ ತೂತು ಇದ್ದರೆ ಅದು ಇವಳದ್ದು. ಮೊದಲ ಆರಕ್ಕೂ ಇವಳಿಗೂ ಸಂಬಂಧವಿಲ್ಲ.

ನಮ್ಮಲ್ಲಿ ಕರಾರು ಪತ್ರ ಇರುತ್ತದೆ. ಪಕ್ಕದ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದು, ಹೆಸರು ಬದಲಾಯಿಸಿದರೆ ಆಯ್ತು. ‘ಮನೆಯು ಸುಸ್ಥಿತಿಯಲ್ಲಿದೆ’ ಅಂತ ಒಂದೇ ಸಾಲು. ಸುಸ್ಥಿತಿ ಅಂದರೆ ಏನು? ಬಿಟ್ಟು ಹೋಗುವ ದಿನ ನಾವು ಹೇಳಿದ್ದೇ ಸುಸ್ಥಿತಿ. ಹತ್ತು ತಿಂಗಳ ದುಡ್ಡು ನಮ್ಮ ಕೈಯಲ್ಲಿ ಇರುತ್ತದಲ್ಲ, ಹುಡುಗರು ಎಷ್ಟು ಅಂತ ವಾದ ಮಾಡಿಯಾರು? ಪರೀಕ್ಷೆ ಮುಗಿಸಿ ಬಸ್ಸಿಗೆ ಬುಕ್ ಮಾಡಿರುತ್ತಾರೆ.

ಅಡ್ವಾನ್ಸ್ ಕಡಿಮೆ ಮಾಡಿ ಅಂದರೆ ನನ್ನಂಥ ಓನರ್‌ಗಳು ಒಪ್ಪುವುದು ಕಷ್ಟ, ನನಗೆ ಗೊತ್ತು. ಆದರೆ ಎರಡು ಹಾಳೆ ಬರೆಯಲು ಏನು ಖರ್ಚು? ಬಾಡಿಗೆಗೆ ಬರುವವರೂ ಕೇಳಿ ಬರೆಸಿಕೊಳ್ಳಲಿ.

ಊರಿಗೆ ಬಂದ ವಾರವೇ ಟಾರ್ಚ್ ಹಿಡಿದು ಮಹಡಿ ಮನೆ ಸುತ್ತಿದೆ. ಬಚ್ಚಲ ಕಿಟಕಿ ಕೆಳಗೆ ಗೇಣುದ್ದದ ಬಿರುಕಿದೆ. ಅದಕ್ಕೆ ಅಂತ ಹಿಂದೆ ಇಬ್ಬರು ಹುಡುಗರ ಅಡ್ವಾನ್ಸಿನಲ್ಲಿ ಬೇರೆ ಬೇರೆ ಸಲ ದುಡ್ಡು ಮುರಿದಿದ್ದೆ. ಹಳೇ ಆಲ್ಬಮ್ಮಿನಲ್ಲಿ ಹುಡುಕಿದರೆ ಗೃಹಪ್ರವೇಶ ಆದ ಮರುವರ್ಷ ತೆಗೆದ ಫೋಟೊ ಒಂದು ಸಿಕ್ಕಿತು. ಮಗಳು ಬಕೆಟ್ಟಿನಲ್ಲಿ ಕೂತಿದ್ದಾಳೆ, ಹಿಂದೆ ಅದೇ ಬಿರುಕು. ಒಬ್ಬ ಹುಡುಗನ ನಂಬರ್ ಸಿಕ್ಕಿ ದುಡ್ಡು ಕಳಿಸಿದ್ದೇನೆ. ಇನ್ನೊಬ್ಬ ಹಾವೇರಿ ಕಡೆಯವನು, ಇನ್ನೂ ಹುಡುಕುತ್ತಿದ್ದೇನೆ.

ಒಬ್ಬ ಮನೆ ಓನರ್,
ಸರಸ್ವತಿಪುರಂ, ಮೈಸೂರು