ಹುಳದ ಡಬ್ಬಿ ಕಂಡವರಿಗೆ ಚರಂಡಿ ಕಾಣಲಿಲ್ಲವೇ?

ಮಾನ್ಯರೆ,

ನವನಗರದ ನಮ್ಮ ಶಾಲೆಯಲ್ಲಿ ಮಕ್ಕಳು ಸಾಕಿದ್ದ ಹುಳದ ಡಬ್ಬಿಗಳನ್ನು ತಪಾಸಣೆಗೆ ಬಂದ ಅಧಿಕಾರಿ ಅಂಗಳಕ್ಕೆ ಸುರಿಸಿದ ಸುದ್ದಿ ನಿನ್ನೆಯ ಸಂಚಿಕೆಯಲ್ಲಿದೆ. ‘ಮಕ್ಕಳ ಆರೋಗ್ಯದ ಹಿತದೃಷ್ಟಿಯಿಂದ’ ಎಂಬ ಅವರ ಸಮಜಾಯಿಷಿಯನ್ನೂ ಅಚ್ಚು ಹಾಕಿದ್ದೀರಿ. ಅದು ಯಾವ ಹುಳ, ಮಕ್ಕಳು ಅದನ್ನಿಟ್ಟುಕೊಂಡು ಏನು ಕಲಿಯುತ್ತಿದ್ದರು ಎಂಬುದು ಮಾತ್ರ ಸುದ್ದಿಯಲ್ಲಿಲ್ಲ. ನನ್ನ ಮಗಳು ಅದೇ ತರಗತಿಯಲ್ಲಿದ್ದಾಳೆ, ನಾನು ಹೇಳುತ್ತೇನೆ.

ಹೂಕುಂಡದ ಕೆಳಗೆ, ಕಲ್ಲಿನ ಅಡಿಯಲ್ಲಿ ಸಿಗುವ, ಮುಟ್ಟಿದರೆ ಮೆಣಸಿನ ಕಾಳಿನಂತೆ ಉಂಡೆಯಾಗುವ ಪಿಲ್ ಬಗ್ ಅದು. ಕಚ್ಚುವುದಿಲ್ಲ, ಕುಟುಕುವುದಿಲ್ಲ, ಮನುಷ್ಯರಿಗೆ ರೋಗ ಹರಡುವುದಿಲ್ಲ. ಕೊಳೆತ ಎಲೆ ತಿಂದು ಮಣ್ಣಿಗೆ ಸಾರ ಕೊಡುತ್ತದೆ. ಕೀಟವೂ ಅಲ್ಲ, ಏಡಿ ಸಿಗಡಿಗಳ ಬಳಗದ್ದು. ಹೊಟ್ಟೆಯಡಿ ಕಿವಿರಿನಂಥ ಅಂಗಗಳಿಂದ ಉಸಿರಾಡುವುದರಿಂದ ತೇವವಿಲ್ಲದೆ ಬದುಕದು. ಡಬ್ಬಿಯ ಒಂದು ಬದಿಗೆ ಒದ್ದೆ ಕಾಗದ, ಇನ್ನೊಂದು ಬದಿಗೆ ಒಣ ಕಾಗದ ಹಾಸಿ, ನಿಮಿಷಕ್ಕೊಮ್ಮೆ ಎಷ್ಟು ಹುಳ ಯಾವ ಕಡೆ ಇವೆ ಎಂದು ಮಕ್ಕಳು ಎಣಿಸಿ ಬರೆಯುತ್ತಿದ್ದರು. ತಾಯಿಹುಳದ ಹೊಟ್ಟೆಯಡಿಯ ಚೀಲದಿಂದ ಹೊರಬಂದ ಬಿಳಿ ಮರಿಗಳನ್ನು ಭೂತಗನ್ನಡಿಯಲ್ಲಿ ನೋಡಿದ ಮಗಳು, ತಾಯಿಗೆ 7 ಜೊತೆ ಕಾಲು, ಮರಿಗೇಕೆ 6 ಜೊತೆ ಎಂದು ಕೇಳಿದ್ದಳು. ಪೊರೆ ಕಳಚುವವರೆಗೆ ನೀನೇ ಕಾದು ನೋಡು ಎಂದರಂತೆ ಶಿಕ್ಷಕಿ. ಆ ಏಳನೆಯ ಜೊತೆ ಮೂಡುವ ಮೊದಲೇ ಮರಿಗಳು ಬಾಗಲಕೋಟೆಯ ಬಿಸಿಲಿನಲ್ಲಿ ಒಣಗಿ ಹೋದವು.

ಮಗಳು ಅಂದಿನಿಂದ ಶಾಲೆಗೆ ಹೋಗಲು ಒಲ್ಲೆ ಎನ್ನುತ್ತಿದ್ದಾಳೆ. ಆ ಡಬ್ಬಿಗಾಗಿ ಹಸಿ ಮಣ್ಣು, ಬೇವಿನ ತರಗೆಲೆ ಹೊತ್ತು ತಂದವನು ನಾನು. ವಿಚಾರಿಸೋಣವೆಂದು ಅಂಗಡಿ ಮುಚ್ಚಿ ಕಚೇರಿಗೆ ಹೋದರೆ ಸಾಹೇಬರು ಸಭೆಯಲ್ಲಿದ್ದಾರೆ ಎಂದು ಮಧ್ಯಾಹ್ನದವರೆಗೆ ಕೂರಿಸಿ, ನಾಳೆ ಬನ್ನಿ ಎಂದು ಕಳಿಸಿದರು. ವ್ಯಾಪಾರವೂ ಹೋಯಿತು, ಉತ್ತರವೂ ಸಿಗಲಿಲ್ಲ. ಈ ‘ನಾಳೆ ಬನ್ನಿ’ ನಮಗೆ ಹೊಸದಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೆಯ ಮನೆ ಬಿಟ್ಟು ಬಂದವರು ನಾವು. ನಿವೇಶನದ ಕಾಗದದಲ್ಲಿ ತಂದೆಯ ಹೆಸರಿನ ಒಂದು ಅಕ್ಷರ ತಿದ್ದಿಸಲು ಅಲೆದಲೆದು ಚಪ್ಪಲಿ ಸವೆದವು.

ಆರೋಗ್ಯದ ಕಾಳಜಿ ಅಷ್ಟಿದ್ದರೆ ಶಾಲೆಯ ಗೋಡೆಗೆ ಹೊಂದಿಕೊಂಡಿರುವ ತೆರೆದ ಚರಂಡಿ ಏಕೆ ಕಾಣಲಿಲ್ಲ? ಮಾಳಿಗೆಯ ನೀರಿನ ತೊಟ್ಟಿಗೆ ಮುಚ್ಚಳವೇ ಇಲ್ಲ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಅಂಥ ನಿಂತ ನೀರಿನಲ್ಲಿ. ಅರ್ಜಿ ಕೊಟ್ಟಾಗ ಅನುದಾನ ಇಲ್ಲ ಎಂದರು. ಡಬ್ಬಿ ಎಸೆಯಲು ಅನುದಾನ ಬೇಕಾಗಲಿಲ್ಲ. ಕಲಿಕೆಯನ್ನು ಕಂಠಪಾಠದಿಂದ ಬಿಡಿಸಿ ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿದೆ. ಅದನ್ನು ಮಾಡಿ ತೋರಿಸಿದ ಶಿಕ್ಷಕಿಗೆ ನೋಟಿಸ್!

ಆ ನೋಟಿಸ್ ಹಿಂಪಡೆಯಬೇಕು, ಡಬ್ಬಿಗಳು ಮತ್ತೆ ತರಗತಿಗೆ ಬರಬೇಕು. ಚರಂಡಿಯನ್ನೂ ಮುಚ್ಚಿಸಬೇಕು. ಸಂಬಂಧಪಟ್ಟವರು ಇನ್ನಾದರೂ ಎಚ್ಚೆತ್ತುಕೊಳ್ಳಲಿ. ಏನು, ಏಕೆ ಎಂದು ಒಂದು ಮಾತು ಕೇಳದೆ ಮಕ್ಕಳ ಕೈಯಲ್ಲಿದ್ದುದನ್ನು ಕಸಿದು ಎಸೆಯುವವರಿಗೆ ಶಾಲೆ ತಪಾಸಣೆ ಮಾಡುವ ಅಧಿಕಾರ ಕೊಟ್ಟವರಾದರೂ ಯಾರು?

– ನೊಂದ ಪಾಲಕ, ನವನಗರ, ಬಾಗಲಕೋಟೆ